ಮನೆಗೆ ಲಿಥಿಯಂ ಬ್ಯಾಟರಿ: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಮನೆಯ ಇನ್ವರ್ಟರಿಗೆ ಅಥವಾ ಸೌರ ಘಟಕಕ್ಕೆ ಲಿಥಿಯಂ ಬ್ಯಾಟರಿ ಹಾಕಿಸಬಹುದೇ ಎಂದು ವಾರ್ಡಿನ ಜನರು ತಮ್ಮನ್ನು ಕೇಳುವುದು ಈಗ ಸಾಮಾನ್ಯವಾಗಿದೆ. ಆಸಿಡ್ ಬ್ಯಾಟರಿಗಿಂತ ಇದರ ಬೆಲೆ ಹೆಚ್ಚು. ಹಲವು ಕುಟುಂಬಗಳು ಸ್ವಸಹಾಯ ಸಂಘದಿಂದಲೋ ಸಹಕಾರಿ ಸಂಘದಿಂದಲೋ ಸಾಲ ಪಡೆದು ಇದನ್ನು ಕೊಳ್ಳುತ್ತವೆ. ಆಯ್ಕೆ ತಪ್ಪಿದರೆ ಬ್ಯಾಟರಿ ಎರಡು ವರ್ಷಕ್ಕೆ ನಿಲ್ಲುತ್ತದೆ, ಸಾಲದ ಕಂತು ಮಾತ್ರ ಮೂರನೆಯ ವರ್ಷಕ್ಕೂ ಉಳಿದಿರುತ್ತದೆ. ಸದಸ್ಯರು ಯಾವುದೇ ಕಂಪನಿಯ ಹೆಸರನ್ನು ಸೂಚಿಸುವುದು ಸರಿಯಲ್ಲ. ಲೆಕ್ಕ ಮಾಡುವ ಕ್ರಮವನ್ನು ತಿಳಿಸಿಕೊಡುವುದು ಸಾಧ್ಯ, ಉಪಯುಕ್ತ. ಈ ಪಾಠವು ಅಷ್ಟಕ್ಕೆ ಸೀಮಿತವಾಗಿದೆ.

ಮನೆ ಯಾವ ಫೀಡರಿನ ಮೇಲಿದೆ?

ಬ್ಯಾಟರಿಯ ಜಾತಿ, ಗಾತ್ರ, ಬೆಲೆಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಮ್ಮ ಭಾಗದಲ್ಲಿ ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯಡಿ ಪಂಪ್‌ಸೆಟ್ಟುಗಳಿಂದ ಬೇರ್ಪಡಿಸಿದ ಮಾರ್ಗದ ಮೂಲಕ ಹೆಸ್ಕಾಂ ವಿದ್ಯುತ್ ಪೂರೈಸುತ್ತದೆ. ಅಲ್ಲಿ ಕರೆಂಟು ಹೋಗುವುದು ಗಾಳಿ ಮಳೆಗೆ, ದುರಸ್ತಿಗೆ, ಟ್ರಾನ್ಸ್‌ಫಾರ್ಮರ್ ಸುಟ್ಟಾಗ. ಕಬ್ಬಿನ ಹೊಲಗಳ ನಡುವಿನ ತೋಟದ ಮನೆಗಳ ಸ್ಥಿತಿಯೇ ಬೇರೆ. ಅವುಗಳಲ್ಲಿ ಹಲವು ಇಂದಿಗೂ ಪಂಪ್‌ಸೆಟ್ ಫೀಡರಿನ ಮೇಲಿವೆ. ರಾಜ್ಯದ ನೀತಿಯಂತೆ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ವಿದ್ಯುತ್. ಉಳಿದ ಹೊತ್ತು ಸಿಂಗಲ್ ಫೇಸ್ ಸಿಕ್ಕರೆ ಬೆಳಕು, ಇಲ್ಲವಾದರೆ ಇಲ್ಲ. ಹತ್ತನೆಯ ತರಗತಿಯ ಮಕ್ಕಳು, ಬಾಣಂತಿಯರು, ವೃದ್ಧರು ಇರುವ ತೋಟದ ಮನೆಗೆ ಬ್ಯಾಟರಿ ದಿನನಿತ್ಯದ ಸಾಧನ. ಊರೊಳಗಿನ ಮನೆಗೆ ಅದು ಆಪತ್ಕಾಲದ ಸಾಧನ.

ಈ ವ್ಯತ್ಯಾಸವು ಹಣದ ಲೆಕ್ಕವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ನೋಡೋಣ. ಕೆಳಗಿನ ಬೆಲೆಗಳು ಲೆಕ್ಕಕ್ಕಾಗಿ ಹಿಡಿದವು ಮಾತ್ರ; ತಮ್ಮ ಊರಿನಲ್ಲಿ ಕೇಳಿದ ಬೆಲೆಯನ್ನು ಇಟ್ಟು ಮತ್ತೆ ಮಾಡಿನೋಡಬೇಕು. 150 ಎಎಚ್ ಟ್ಯೂಬ್ಯುಲರ್ ಆಸಿಡ್ ಬ್ಯಾಟರಿಗೆ ರೂ. 15,000 ಎಂದುಕೊಳ್ಳೋಣ. 12 ವೋಲ್ಟಿನ ಲೆಕ್ಕದಲ್ಲಿ ಅದರ ಸಾಮರ್ಥ್ಯ 1,800 ವ್ಯಾಟ್-ಅವರ್. ಆದರೆ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಆಯುಷ್ಯ ಕುಗ್ಗುತ್ತದೆ. ಆದುದರಿಂದ ಬಳಕೆಗೆ ಸಿಗುವುದು 900, ಅಂದರೆ ಒಂದು ಯೂನಿಟ್ಟಿಗೂ ಸ್ವಲ್ಪ ಕಡಿಮೆ. 12.8 ವೋಲ್ಟ್, 100 ಎಎಚ್ ಲಿಥಿಯಂ ಬ್ಯಾಟರಿಗೆ ರೂ. 28,000 ಎಂದು ಹಿಡಿಯೋಣ. ಸಾಮರ್ಥ್ಯ 1,280, ಅದರಲ್ಲಿ ಶೇಕಡಾ 80 ಬಳಸಿದರೂ 1,024, ಅಂದರೆ ಒಂದು ಯೂನಿಟ್. ಎಎಚ್ ಸಂಖ್ಯೆ ಚಿಕ್ಕದಾದರೂ ಬಳಕೆಗೆ ಸಿಗುವ ವಿದ್ಯುತ್ ಹೆಚ್ಚು ಎಂಬುದನ್ನು ಇಲ್ಲಿ ಗಮನಿಸಬೇಕು.

ತೋಟದ ಮನೆಯಲ್ಲಿ ಬ್ಯಾಟರಿ ಪ್ರತಿದಿನ ತುಂಬಿ ಖಾಲಿಯಾಗುತ್ತದೆ. ಆಸಿಡ್ ಬ್ಯಾಟರಿ 1,200 ಸಲ, ಲಿಥಿಯಂ 3,000 ಸಲ ಬಾಳುತ್ತವೆಂದು ಹಿಡಿದರೆ, ಮೊದಲನೆಯದು ತನ್ನ ಆಯುಷ್ಯದಲ್ಲಿ 1,080 ಯೂನಿಟ್, ಎರಡನೆಯದು ಸುಮಾರು 3,000 ಯೂನಿಟ್ ಕೊಡುತ್ತದೆ. ಯೂನಿಟ್ಟಿಗೆ ಬೀಳುವ ಬೆಲೆ ಕ್ರಮವಾಗಿ ಸುಮಾರು ರೂ. 14 ಮತ್ತು ರೂ. 9. ಆಸಿಡ್ ಬ್ಯಾಟರಿ ಮೂರು ವರ್ಷ ದಾಟಿದ ಮೇಲೆ ಮುಗಿಯುತ್ತದೆ. ಲಿಥಿಯಂ ಎಂಟು ವರ್ಷ ನಡೆಯುತ್ತದೆ. ಇಲ್ಲಿ ಲಿಥಿಯಂ ಸ್ಪಷ್ಟವಾಗಿ ಲಾಭಕರ.

ಊರೊಳಗಿನ ಮನೆಯಲ್ಲಿ ವರ್ಷಕ್ಕೆ 60 ಸಲ ಮಾತ್ರ ಬ್ಯಾಟರಿ ಪೂರ್ತಿ ಬಳಕೆಯಾಗುತ್ತದೆಂದುಕೊಳ್ಳಿ. ಆಗ ಎರಡೂ ಬ್ಯಾಟರಿಗಳು ಬಳಕೆಯಿಂದ ಸಾಯುವುದಿಲ್ಲ, ವಯಸ್ಸಿನಿಂದ ಸಾಯುತ್ತವೆ. ಆಸಿಡ್ ಬ್ಯಾಟರಿ ಐದು ವರ್ಷದಲ್ಲಿ 270 ಯೂನಿಟ್ ಕೊಟ್ಟರೆ ಯೂನಿಟ್ಟಿಗೆ ರೂ. 56, ಲಿಥಿಯಂ ಹತ್ತು ವರ್ಷ ಬಾಳಿ 600 ಯೂನಿಟ್ ಕೊಟ್ಟರೆ ಯೂನಿಟ್ಟಿಗೆ ರೂ. 47. ಅಂತರ ಚಿಕ್ಕದು. ಹತ್ತರ ಬದಲು ಏಳೇ ವರ್ಷ ಬಾಳಿದರೆ ಲಾಭ ಆಸಿಡ್ ಬ್ಯಾಟರಿಯ ಕಡೆಗೇ ತಿರುಗುತ್ತದೆ. "ಆರು ಸಾವಿರ ಸೈಕಲ್" ಎಂಬ ಜಾಹೀರಾತು ಈ ಮನೆಗೆ ಅರ್ಥವಿಲ್ಲದ್ದು. ವರ್ಷಕ್ಕೆ 60ರಂತೆ ಅದನ್ನು ಮುಗಿಸಲು ನೂರು ವರ್ಷ ಬೇಕು. ಇಂಥ ಕುಟುಂಬವು ಸಾಲ ಮಾಡಿ ಲಿಥಿಯಂ ಕೊಳ್ಳುವ ತುರ್ತು ಇಲ್ಲವೆಂಬುದು ಈ ಲೇಖನದ ಅಭಿಪ್ರಾಯ. ನೀರು ಹಾಕುವ ಕೆಲಸವಿಲ್ಲ, ಆಸಿಡ್ಡಿನ ವಾಸನೆಯಿಲ್ಲ, ಬೇಗ ಚಾರ್ಜ್ ಆಗುತ್ತದೆ ಎಂಬ ಅನುಕೂಲಗಳಿಗಾಗಿ ಕೈಹಣದಿಂದ ಕೊಳ್ಳುವುದು ಬೇರೆ ಮಾತು.

ಇನ್ನೊಂದು ಸಂಗತಿ. ಗೃಹ ಜ್ಯೋತಿ ಯೋಜನೆಯಡಿ ಅರ್ಹ ಮನೆಗಳಿಗೆ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಬಿಲ್ ಇಲ್ಲ. ಶೂನ್ಯ ಬಿಲ್ ಬರುವ ಮನೆಗೆ "ಸೌರ ಬ್ಯಾಟರಿಯಿಂದ ಬಿಲ್ ಉಳಿಯುತ್ತದೆ" ಎಂದು ಯಾರಾದರೂ ಹೇಳಿದರೆ, ಉಳಿಯುವುದು ಯಾವ ಬಿಲ್ ಎಂದು ಕೇಳಬೇಕು. ಆ ಮನೆ ಹಣ ಕೊಟ್ಟು ಪಡೆಯುವುದು ಕರೆಂಟು ಇಲ್ಲದ ಗಂಟೆಗಳ ಬೆಳಕನ್ನು ಮಾತ್ರ.

ಫಲಕವಿದ್ದರೂ ಕತ್ತಲೆ

ಪಿಎಂ ಸೂರ್ಯ ಘರ್ ಯೋಜನೆಯು 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಮೊದಲ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ ರೂ. 30,000, ಹಾಗೂ 3 ಕಿಲೋವ್ಯಾಟ್ ಅಥವಾ ಅದಕ್ಕೂ ಮೇಲ್ಪಟ್ಟ ಘಟಕಕ್ಕೆ ಒಟ್ಟು ರೂ. 78,000 ಸಹಾಯಧನವಿದೆ. ಪಂಚಾಯಿತಿಗೂ ತನ್ನ ವ್ಯಾಪ್ತಿಯ ಪ್ರತಿ ಅಳವಡಿಕೆಗೆ ರೂ. 1,000 ಪ್ರೋತ್ಸಾಹಧನ ಇರುವುದರಿಂದ ಸದಸ್ಯರು ಇದನ್ನು ಪ್ರಚಾರ ಮಾಡುವುದು ಸಹಜವೇ. ಆದರೆ ಪ್ರಚಾರ ಮಾಡುವಾಗ ಎರಡು ಮಾತುಗಳನ್ನು ಬಿಡದೆ ಹೇಳಬೇಕು.

ಮೊದಲನೆಯದು: ಸಹಾಯಧನದ ಲೆಕ್ಕ ಫಲಕದ ಕಿಲೋವ್ಯಾಟಿನ ಮೇಲೆ, ಬ್ಯಾಟರಿಗೆ ಸಹಾಯಧನವಿಲ್ಲ. ಎರಡನೆಯದು: ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ ಘಟಕವು ಕರೆಂಟು ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿಯೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಇದು ದೋಷವಲ್ಲ. ಮಾರ್ಗದಾಳು ಕಂಬದ ಮೇಲೆ ದುರಸ್ತಿ ಮಾಡುತ್ತಿರುವಾಗ ಮನೆಗಳ ಫಲಕಗಳಿಂದ ತಂತಿಗೆ ವಿದ್ಯುತ್ ಹರಿದರೆ ಅವನ ಜೀವಕ್ಕೇ ಅಪಾಯ. ಅದಕ್ಕಾಗಿಯೇ ಈ ವ್ಯವಸ್ಥೆ. ಕರೆಂಟು ಹೋದಾಗಲೂ ಮನೆ ನಡೆಯಬೇಕಾದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಆ ಖರ್ಚು ಪೂರ್ತಿ ಮನೆಯವರದು. ಇದನ್ನು ಮೊದಲೇ ಹೇಳದಿದ್ದರೆ ಮುಂದಿನ ಗ್ರಾಮ ಸಭೆಯಲ್ಲಿ ಉತ್ತರ ಕೊಡಬೇಕಾದವರು ತಾವೇ.

ಎಷ್ಟು ದೊಡ್ಡ ಬ್ಯಾಟರಿ ಬೇಕು?

ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 9 ವ್ಯಾಟಿನ 4 ಎಲ್‌ಇಡಿ ಬಲ್ಬುಗಳು 5 ಗಂಟೆ ಉರಿದರೆ 180 ವ್ಯಾಟ್-ಅವರ್. 60 ವ್ಯಾಟಿನ ಟಿವಿ 2 ಗಂಟೆಗೆ 120. ಮೊಬೈಲುಗಳಿಗೆ 40. 75 ವ್ಯಾಟಿನ 2 ಫ್ಯಾನುಗಳು 6 ಗಂಟೆ ತಿರುಗಿದರೆ 900. ಒಟ್ಟು 1,240. ಇನ್ವರ್ಟರಿನಲ್ಲಿ ಶೇಕಡಾ 15ರಷ್ಟು ವ್ಯಯವಾಗುವುದರಿಂದ ಬ್ಯಾಟರಿಯಿಂದ ಹೊರಡಬೇಕಾದದ್ದು ಸುಮಾರು 1,460. ಮೇಲೆ ಹೇಳಿದ 100 ಎಎಚ್ ಲಿಥಿಯಂ ಬ್ಯಾಟರಿ ಇದಕ್ಕೆ ಸಾಲದು.

ಅಂಗಡಿಯಲ್ಲಿ ಈ ಹಂತದಲ್ಲಿ ದೊಡ್ಡ ಬ್ಯಾಟರಿ ತೋರಿಸುತ್ತಾರೆ. ಅದಕ್ಕೆ ಮೊದಲು ಫ್ಯಾನನ್ನು ನೋಡಬೇಕು. ಸುಮಾರು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿದರೆ 900ರ ಜಾಗದಲ್ಲಿ 360; ಒಟ್ಟು 700; ವ್ಯಯ ಸೇರಿ 825. ಈಗ ಅದೇ ಬ್ಯಾಟರಿ ಸಾಕಾಗಿ ಸ್ವಲ್ಪ ಉಳಿಯುತ್ತದೆ. ಎರಡು ಫ್ಯಾನ್ ಬದಲಿಸುವ ಖರ್ಚು ಬ್ಯಾಟರಿಯನ್ನು ಒಂದೂವರೆ ಪಟ್ಟು ಮಾಡುವ ಖರ್ಚಿಗಿಂತ ಕಡಿಮೆ, ಮತ್ತು ಫ್ಯಾನ್ ಹೆಸ್ಕಾಂ ಕರೆಂಟಿನಲ್ಲಿಯೂ ಉಳಿತಾಯ ಮಾಡುತ್ತದೆ.

ಮಿಕ್ಸರ್, ನೀರೆತ್ತುವ ಮೋಟಾರು, ಇಸ್ತ್ರಿ, ಗೀಸರುಗಳನ್ನು ಈ ಬ್ಯಾಟರಿಯ ಮೇಲೆ ನಡೆಸುವ ಯೋಚನೆ ಬೇಡ. ಮೋಟಾರು ಆರಂಭವಾಗುವಾಗ ತನ್ನ ವ್ಯಾಟಿನ ಹಲವು ಪಟ್ಟು ಎಳೆಯುತ್ತದೆ. ಲಿಥಿಯಂ ಬ್ಯಾಟರಿಯೊಳಗಿನ ರಕ್ಷಣಾ ಸರ್ಕಿಟು, ಅಂದರೆ ಬಿಎಂಎಸ್, ತಕ್ಷಣ ಸಂಪರ್ಕ ಕಡಿಯುತ್ತದೆ. ಮನೆಯವರು ಬ್ಯಾಟರಿ ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ಅಲ್ಲಿ ಅದು ಸರಿಯಾಗಿಯೇ ನಡೆಯುತ್ತದೆ.

ಮನೆಯಲ್ಲಿ ಆಮ್ಲಜನಕ ಯಂತ್ರದ ಮೇಲಿರುವ ರೋಗಿ ಇದ್ದರೆ ಲೆಕ್ಕ ಪ್ರತ್ಯೇಕವಾಗಿ ಆಗಬೇಕು. 300 ವ್ಯಾಟಿನ ಯಂತ್ರವು ವ್ಯಯ ಸೇರಿ ಗಂಟೆಗೆ ಸುಮಾರು 350 ವ್ಯಾಟ್-ಅವರ್ ತಿನ್ನುತ್ತದೆ. ಬೇರೇನೂ ಹಾಕದಿದ್ದರೂ ಮೇಲಿನ ಬ್ಯಾಟರಿ ಮೂರು ಗಂಟೆ ತಲುಪುವುದಿಲ್ಲ. ಇಂಥ ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಪಂಚಾಯಿತಿಯಲ್ಲಿ ಇಟ್ಟುಕೊಂಡರೆ ದೀರ್ಘ ಕಡಿತದ ದಿನ ಯಾರ ಮನೆಗೆ ಮೊದಲು ಹೋಗಬೇಕೆಂಬುದು ತಿಳಿಯುತ್ತದೆ.

ಫಲಕದ ಗಾತ್ರದ ಬಗ್ಗೆ ಹೇಳುವುದಾದರೆ, 1 ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ದಿನಕ್ಕೆ ಒಂದು ಯೂನಿಟ್ ಬೇಕಾದ ತೋಟದ ಮನೆಗೆ 250 ವ್ಯಾಟ್ ಸಾಕು ಎಂದು ಇದರಿಂದ ತೋರಬಹುದು. ಜುಲೈ, ಆಗಸ್ಟ್ ತಿಂಗಳ ಮೋಡದಲ್ಲಿ ಅದು ಅರ್ಧಕ್ಕೂ ಇಳಿಯುತ್ತದೆ. ಪಶ್ಚಿಮದ ನಿಪ್ಪಾಣಿ ಕಡೆ ಇನ್ನೂ ಹೆಚ್ಚು ದಿನ. 500 ವ್ಯಾಟ್ ಹಾಕಿಸುವುದು ಕ್ಷೇಮ.

ಲಿಥಿಯಂ ಎಂದರೆ ಒಂದೇ ಬಗೆಯದಲ್ಲ

ಮನೆಗೆ ಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. 1990ರ ದಶಕದಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಈ ವಸ್ತುವನ್ನು ಬ್ಯಾಟರಿಗೆ ಯೋಗ್ಯವೆಂದು ತೋರಿಸಿತು. ಲಿಥಿಯಂ ಬ್ಯಾಟರಿಗಳ ಕೆಲಸಕ್ಕಾಗಿ ಅವರಿಗೆ ಇನ್ನಿಬ್ಬರೊಡನೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇನ್ನೊಂದು ಬಗೆ ಎನ್‌ಎಂಸಿ. ಅದರಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುತ್ತವೆ. ಅದು ಕಡಿಮೆ ತೂಕದಲ್ಲಿ ಹೆಚ್ಚು ವಿದ್ಯುತ್ ಹಿಡಿಯುವುದರಿಂದ ವಾಹನಗಳಿಗೆ ಅನುಕೂಲ. ಮನೆಯ ಮೂಲೆಯಲ್ಲಿ ಕೂರುವ ಬ್ಯಾಟರಿಗೆ ತೂಕದ ಚಿಂತೆ ಅಷ್ಟಿಲ್ಲ, ಬೆಂಕಿಯ ಚಿಂತೆ ಇದೆ. ಎಲ್‌ಎಫ್‌ಪಿ ಹೆಚ್ಚಿನ ಉಷ್ಣಾಂಶವನ್ನು ತಡೆಯುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಬೆಂಕಿ ಹತ್ತುವುದೇ ಇಲ್ಲ ಎಂದಲ್ಲ, ಸಂಭವ ಕಡಿಮೆ.

ಗುರುತಿಸುವುದು ಕಷ್ಟವಲ್ಲ. ಎಲ್‌ಎಫ್‌ಪಿ ಸೆಲ್ಲಿನ ವೋಲ್ಟೇಜು 3.2, ನಾಲ್ಕು ಸೇರಿದರೆ 12.8, ಎಂಟಾದರೆ 25.6, ಹದಿನಾರಾದರೆ 51.2. ಬ್ಯಾಟರಿಯ ಮೇಲೆ ಈ ಸಂಖ್ಯೆಗಳಲ್ಲೊಂದು ಇರಬೇಕು. 11.1 ಅಥವಾ 14.8 ಎಂದಿದ್ದರೆ ಅದು ಬೇರೆ ಜಾತಿಯದು. ತಯಾರಕರ ಹೆಸರು, ಕ್ರಮಸಂಖ್ಯೆ, ತಯಾರಿಕೆಯ ತಿಂಗಳು ಇಲ್ಲದ ಪೆಟ್ಟಿಗೆಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ವಾಹನಗಳಿಂದ ತೆಗೆದ ಹಳೆಯ ಸೆಲ್ಲುಗಳನ್ನು ಹೊಸ ಪೆಟ್ಟಿಗೆಯಲ್ಲಿ ಜೋಡಿಸಿ ಮಾರುವುದುಂಟು. ಹೊರಗಿನಿಂದ ನೋಡಿದರೆ ತಿಳಿಯದು. ಐಇಸಿ 62619 ಎಂಬ ಸುರಕ್ಷತಾ ಪರೀಕ್ಷೆಯ ಪ್ರಮಾಣಪತ್ರವನ್ನು ಕೇಳಬಹುದು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೂ ಇದೆ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಮೇನ್ ಆರಿಸಿ, ಒಟ್ಟು 200 ವ್ಯಾಟಿನ ಬಲ್ಬು, ಫ್ಯಾನುಗಳನ್ನು ಹಚ್ಚಿ ಗಡಿಯಾರ ನೋಡಬೇಕು. 1,280 ವ್ಯಾಟ್-ಅವರ್ ಬ್ಯಾಟರಿ ಇನ್ವರ್ಟರಿನ ವ್ಯಯ ಕಳೆದು ಸುಮಾರು 5 ಗಂಟೆ ನಡೆಯಬೇಕು. ಮೂರಕ್ಕೇ ನಿಂತರೆ ಮರುದಿನವೇ ಅಂಗಡಿಗೆ ತಿಳಿಸಬೇಕು. ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯುವ ಒಪ್ಪಂದ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಹಳೆಯ ಇನ್ವರ್ಟರಿಗೆ ಹೊಂದುತ್ತದೆಯೇ?

ಹೊಸ ಬ್ಯಾಟರಿ ಬೇಗ ಹಾಳಾಗಲು ಹಳೆಯ ಇನ್ವರ್ಟರ್ ಒಂದು ಮುಖ್ಯ ಕಾರಣ. 12.8 ವೋಲ್ಟಿನ ಎಲ್‌ಎಫ್‌ಪಿಗೆ ಚಾರ್ಜಿಂಗ್ ವೋಲ್ಟೇಜು 14.4 ರಿಂದ 14.6ರೊಳಗೆ ನಿಲ್ಲಬೇಕು. ಆಸಿಡ್ ಬ್ಯಾಟರಿಗಾಗಿ ಮಾಡಿದ ಇನ್ವರ್ಟರುಗಳಲ್ಲಿ ಕೆಲವು ಆಗಾಗ ಇದಕ್ಕೂ ಮೇಲೆ ಏರಿಸುತ್ತವೆ. ಆಸಿಡ್ ಬ್ಯಾಟರಿಗೆ ಅದು ಔಷಧಿ, ಲಿಥಿಯಂಗೆ ಪೆಟ್ಟು. ಇನ್ವರ್ಟರಿನಲ್ಲಿ ಲಿಥಿಯಂ ಆಯ್ಕೆ ಇದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಬೇಕು. ಇಲ್ಲದಿದ್ದರೆ ಇನ್ವರ್ಟರ್ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು. ಹಳೆಯ ಆಸಿಡ್ ಬ್ಯಾಟರಿಯನ್ನು ಹೊಸ ಲಿಥಿಯಂ ಜೊತೆ ಒಂದೇ ಇನ್ವರ್ಟರಿಗೆ ಜೋಡಿಸುವುದನ್ನು ಯಾವ ಕಾರಣಕ್ಕೂ ಒಪ್ಪಬಾರದು.

ನದಿ ತೀರದ ಗ್ರಾಮಗಳು

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳುಗಳ ಪ್ರವಾಹವನ್ನು ಈ ಭಾಗದ ಸದಸ್ಯರಿಗೆ ನೆನಪಿಸಬೇಕಾಗಿಲ್ಲ. ಯಡೂರ, ಕಲ್ಲೋಳ, ಇಂಗಳಿ, ಜುಗೂಳ, ಮಂಗಾವತಿ, ಸಪ್ತಸಾಗರದಂತಹ ಕೃಷ್ಣಾ ತೀರದ ಊರುಗಳಲ್ಲಿ, ದೂಧಗಂಗಾ, ವೇದಗಂಗಾ ತೀರದ ಊರುಗಳಲ್ಲಿ ನೀರು ಏರಿದಾಗ ಮೊದಲು ಹೋಗುವುದು ಕರೆಂಟು. ಕೊಯ್ನಾ ಕಡೆಯ ಘಟ್ಟದಲ್ಲಿ ಮಳೆಯಾದರೆ ಇಲ್ಲಿ ಮಳೆಯಿಲ್ಲದಿದ್ದರೂ ಹೊಳೆ ತುಂಬುತ್ತದೆ. ಮೊಬೈಲಿಗೆ ಚಾರ್ಜ್ ಇಲ್ಲದ ಮನೆಗೆ ಸ್ಥಳಾಂತರದ ಸೂಚನೆಯೂ ತಲುಪುವುದಿಲ್ಲ. ಮುನ್ಸೂಚನೆ ಬಂದ ದಿನವೇ, ಕರೆಂಟು ಇರುವಾಗಲೇ, ಬ್ಯಾಟರಿಯನ್ನು ಪೂರ್ತಿ ತುಂಬಿಸಿಡಬೇಕು. ಮೋಡದ ದಿನ ಫಲಕವನ್ನು ನಂಬಿ ಕೂರಬಾರದು.

ಇಲ್ಲಿ ಲಿಥಿಯಂಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಅಂಗಡಿಯವರು ಹೇಳುವುದು ಕಡಿಮೆ. 150 ಎಎಚ್ ಆಸಿಡ್ ಬ್ಯಾಟರಿಯ ತೂಕ 50 ಕಿಲೋಗಿಂತ ಹೆಚ್ಚು. ಇಬ್ಬರು ಎತ್ತಿದರೂ ಆಸಿಡ್ ಚೆಲ್ಲುವ ಭಯ. 100 ಎಎಚ್ ಲಿಥಿಯಂ ಸುಮಾರು 12 ಕಿಲೋ. ಮನೆ ಬಿಡುವಾಗ ಒಬ್ಬರೇ ಎತ್ತಿಕೊಂಡು ಹೋಗಬಹುದು. ಸಣ್ಣ ಇನ್ವರ್ಟರಿನೊಡನೆ ಒಯ್ದರೆ ಕಾಳಜಿ ಕೇಂದ್ರದಲ್ಲಿಯೂ ಬೆಳಕಿಗೆ ಒದಗುತ್ತದೆ. ಹಾಗಾಗಿ ನದಿ ತೀರದಲ್ಲಿ ಊರೊಳಗಿನ ಮನೆಗೂ ಲಿಥಿಯಂ ಸಮರ್ಥನೀಯ. ಆದರೆ ಅದನ್ನು ಬಿಚ್ಚಲು ಬರುವಂತೆ ಜೋಡಿಸಿರಬೇಕು, ಮನೆಯ ಇಬ್ಬರಾದರೂ ಬಿಚ್ಚುವ ಕ್ರಮ ಕಲಿತಿರಬೇಕು: ಮೊದಲು ಫಲಕದ ಸ್ವಿಚ್, ನಂತರ ಇನ್ವರ್ಟರ್, ಕೊನೆಗೆ ಬ್ಯಾಟರಿಯ ತಂತಿ. ಹಗಲಿನಲ್ಲಿ ಫಲಕದಿಂದ ಬರುವ ತಂತಿಯಲ್ಲಿ ಸದಾ ವಿದ್ಯುತ್ ಇರುತ್ತದೆ ಎಂಬುದನ್ನು ಮರೆಯಬಾರದು.

ನೀರಿನ ಭಯಕ್ಕೆ ಬ್ಯಾಟರಿಯನ್ನು ಅಟ್ಟದ ಮೇಲೆ, ತಗಡಿನ ಕೆಳಗೆ ಕಾಯಂ ಆಗಿ ಇಡುವುದು ಸರಿಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅಥಣಿ, ಕಾಗವಾಡ ಭಾಗದ ಉಷ್ಣಾಂಶ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಗಡಿನ ಕೆಳಗೆ ಇನ್ನೂ ಹೆಚ್ಚು. ಆ ಕಾವಿನಲ್ಲಿ ಚಾರ್ಜ್ ಮಾಡಿದರೆ ಆಯುಷ್ಯ ಬೇಗ ಕರಗುತ್ತದೆ. ಗಾಳಿಯಾಡುವ ಕೋಣೆಯಲ್ಲಿ, ಒಲೆಯಿಂದ ದೂರ, ಹೊರಬಾಗಿಲಿನ ದಾರಿಗೆ ಅಡ್ಡವಾಗದಂತೆ ಮೊಣಕಾಲೆತ್ತರದ ಕಟ್ಟೆಯ ಮೇಲಿಡುವುದು ಉತ್ತಮ. ಮೇವು ಒಟ್ಟುವ ಜಾಗ ಮತ್ತು ದನದ ಕೊಟ್ಟಿಗೆ ಬೇಡ.

ನೀರಿನಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿಯನ್ನು ಒಣಗಿಸಿ ಮತ್ತೆ ಚಾರ್ಜ್ ಮಾಡಬಾರದು. ಒಳಗೆ ತುಕ್ಕು ಹಿಡಿದು ದಿನಗಳ ನಂತರವೂ ಬೆಂಕಿ ಕಾಣಿಸಿಕೊಳ್ಳಬಹುದು. ಅದನ್ನು ಮನೆಯಿಂದ ಹೊರಗೆ, ಗೋಡೆ ಮತ್ತು ಮೇವಿನಿಂದ ದೂರ ಇಟ್ಟು ಮಾರಾಟಗಾರರಿಗೆ ತಿಳಿಸಬೇಕು. ಹೊಗೆ ಬಂದರೆ ಎಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಬೇಕು.

ಬಿಲ್ಲು ಮತ್ತು ಖಾತರಿ ಪತ್ರ

ಖಾತರಿ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಹಣ ಕೊಡುವ ಮೊದಲು ಓದಬಲ್ಲವರಿಂದ ಓದಿಸಿ ಕೆಲವು ಸಂಗತಿಗಳನ್ನು ಕೇಳಿ ತಿಳಿಯಬೇಕು. ಖಾತರಿ ಎಷ್ಟು ವರ್ಷ? ಆ ಅವಧಿಯ ಕೊನೆಗೆ ಎಷ್ಟು ಶೇಕಡಾ ಸಾಮರ್ಥ್ಯ ಉಳಿಯುತ್ತದೆಂದು ಬರೆದಿದೆ? ಕೆಟ್ಟರೆ ಹೊಸ ಬ್ಯಾಟರಿ ಕೊಡುತ್ತಾರೆಯೇ, ಇಲ್ಲವೇ ಕಳೆದ ವರ್ಷಗಳ ಬೆಲೆ ಕಡಿತ ಮಾಡುತ್ತಾರೆಯೇ? ದುರಸ್ತಿ ಕೇಂದ್ರ ಚಿಕ್ಕೋಡಿಯಲ್ಲಿದೆಯೇ, ಬೆಳಗಾವಿಯಲ್ಲಿದೆಯೇ, ಗಡಿಯಾಚೆ ಮಿರಜ, ಕೊಲ್ಹಾಪುರದಲ್ಲಿದೆಯೇ. ಅಲ್ಲಿಗೆ ಒಯ್ಯುವ ಖರ್ಚು ಯಾರದು? ಕ್ರಮಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ಹತ್ತು ವರ್ಷದ ಖಾತರಿಯೂ ಬರಿಯ ಕಾಗದ. "ಬಿಲ್ ಬೇಡವೆಂದರೆ ಕಡಿಮೆ ಮಾಡಿಕೊಡುತ್ತೇವೆ" ಎಂಬ ಮಾತಿಗೆ ಒಪ್ಪಬಾರದು.

ಮೋಸವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಕೊಂಡದ್ದು ಕೊಲ್ಹಾಪುರದಲ್ಲಾದರೂ ದೂರು ಬೆಳಗಾವಿಯಲ್ಲಿ ನಡೆಯುತ್ತದೆ. ಕೊಟ್ಟ ಹಣ ರೂ. 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಪಂಚಾಯಿತಿ ಕಾರ್ಯಾಲಯಕ್ಕೆ ಅಥವಾ ಗ್ರಂಥಾಲಯಕ್ಕೆ ಬ್ಯಾಟರಿ ಕೊಳ್ಳುವಾಗಲೂ ಇದೇ ಲೆಕ್ಕ ಅನ್ವಯಿಸುತ್ತದೆ. ದರಪಟ್ಟಿ ಕರೆಯುವಾಗ ಎಎಚ್ ಮಾತ್ರ ಬರೆದರೆ ಆಸಿಡ್ ಮತ್ತು ಲಿಥಿಯಂ ದರಗಳನ್ನು ಹೋಲಿಸಲು ಬರುವುದಿಲ್ಲ. ಬಳಕೆಗೆ ಸಿಗಬೇಕಾದ ವ್ಯಾಟ್-ಅವರ್, ಎಲ್‌ಎಫ್‌ಪಿ ಎಂಬ ಜಾತಿ, ಖಾತರಿಯ ವರ್ಷ ಮತ್ತು ಉಳಿಯಬೇಕಾದ ಸಾಮರ್ಥ್ಯವನ್ನು ಸ್ಪಷ್ಟವಾಗಿ ನಮೂದಿಸಬೇಕು. ಅಳವಡಿಸಿದ ದಿನ 200 ವ್ಯಾಟಿನ ಪರೀಕ್ಷೆ ನಡೆಸಿ ಫಲಿತಾಂಶವನ್ನು ಕಡತದಲ್ಲಿಡಬೇಕು.

ಹಳೆಯ ಬ್ಯಾಟರಿಗಳನ್ನು ಸ್ವಚ್ಛ ಸಂಕೀರ್ಣಕ್ಕೆ ಬರುವ ಒಣ ಕಸದೊಡನೆ ಸೇರಿಸಲು ಬಿಡಬಾರದು. ಪ್ಲಾಸ್ಟಿಕ್ ರಾಶಿಯಲ್ಲಿ ಜಜ್ಜಿದ ಲಿಥಿಯಂ ಸೆಲ್ ಬೆಂಕಿಗೆ ಕಾರಣವಾಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ಉತ್ಪಾದಕರದು. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಮಾರಾಟಗಾರರಿಗೆ ಒಪ್ಪಿಸಿ, ಬಿಲ್ಲಿನಲ್ಲಿ ಬರೆಸಿಕೊಳ್ಳುವಂತೆ ಜನರಿಗೆ ತಿಳಿಸುವುದು. ಗುಜರಿಯವರಿಗೆ ಲಿಥಿಯಂ ಬ್ಯಾಟರಿ ಕೊಡದಂತೆ ವಾರ್ಡ್ ಸಭೆಯಲ್ಲಿ ಸೂಚಿಸುವುದು.